ಹಣದಂತೆ ಕಾಣುವ, ಹಣವಲ್ಲದ ನೋಟು ಕಾಸುಗಳಿಗೆ ಏನನ್ನೋಣ?

ಎಲ್ಲರಿಗೂ ನಮಸ್ಕಾರ.

ನನಗೊಂದು ಪದ ಬೇಕಾಗಿದೆ. ನೋಡಲು ಹಣದ ಹಾಗೇ ಇದ್ದು, ಯಾವತ್ತೂ ಹಣವಾಗಿ ನಡೆಯದ ನೋಟು, ನಾಣ್ಯಗಳಿಗೆ ಕನ್ನಡದಲ್ಲಿ ಒಟ್ಟಾಗಿ ಏನನ್ನಬಹುದು? 'ನಕಲಿ', 'ಖೋಟಾ' ಎರಡೂ ಬೇಡ. ಯಾಕೆ ಬೇಡ ಅನ್ನುವುದೇ ಈ ಪತ್ರದ ವಿಷಯ.

ನಮ್ಮ ಸೋದರಮಾವ ಸಹಕಾರಿ ಬ್ಯಾಂಕೊಂದರಲ್ಲಿ ಕ್ಯಾಷಿಯರ್ ಆಗಿದ್ದರು. ಇಂಥವನ್ನೆಲ್ಲ ಜೋಡಿಸಿಡುವ ಅಭ್ಯಾಸ ಅವರಿಗಿತ್ತು. ಅವರು ತೀರಿಕೊಂಡ ಮೇಲೆ ಆ ಡಬ್ಬಿ ನಮ್ಮ ಪಾಲಿಗೆ ಬಂದಿದೆ. ಯಾವುದು ಯಾರಿಗೆ ಅಂತ ತೀರ್ಮಾನ ಆಗಬೇಕಾದರೆ ಮೊದಲು ಪಟ್ಟಿ ಆಗಬೇಕು. ಪಟ್ಟಿ ಬರೆಯುವ ಕೆಲಸ ನನ್ನದು. ನಮ್ಮಣ್ಣ 'ನಕಲಿ ದುಡ್ಡು' ಅಂತ ಒಂದೇ ಸಾಲು ಬರೆದು ಗುಜರಿಗೆ ಹಾಕು ಅಂದ. ಅತ್ತೆಗೆ ತುಂಬಾ ನೋವಾಯಿತು. ಅದರಲ್ಲಿ ಎಷ್ಟೋ ಅವರು ದೇವರ ಕೋಣೆಯಲ್ಲಿ ಇಟ್ಟು ಕುಂಕುಮ ಹಚ್ಚಿದಂಥವು. ಪಟ್ಟಿಯಲ್ಲಿ ಏನಂತ ಬರೆಯುತ್ತೇವೋ ಹಾಗೇ ಅದರ ಗತಿ ಆಗುತ್ತದೆ, ಅಲ್ವಾ?

ಮೊದಲು ಲೋಹದವು. ಒಂದು ಮುಖದಲ್ಲಿ ಪಟ್ಟಾಭಿಷೇಕ, ಇನ್ನೊಂದರಲ್ಲಿ ಬಿಲ್ಲು ಹಿಡಿದ ರಾಮ ಲಕ್ಷ್ಮಣರು. ಇವು ರಾಮಟಂಕ. ಪೂಜೆಗೆಂದೇ ಮಾಡಿದವು, ಸಂತೆಯಲ್ಲಿ ಕೊಟ್ಟು ಸಾಮಾನು ತರಲಿಕ್ಕಲ್ಲ. ಇವು ಯಾರಿಗೂ ಮೋಸ ಮಾಡಿಲ್ಲ. ಜೊತೆಗೇ ಇನ್ನೊಂದು ಬಗೆಯದೂ ಇದೆ. ತಾಮ್ರದ ಬಣ್ಣ. ಒಂದು ಕಡೆ ರಾಮ, ಸೀತೆ, ಲಕ್ಷ್ಮಣ, ಹನುಮಂತ. ಇನ್ನೊಂದು ಕಡೆ ಇಂಗ್ಲಿಷಿನಲ್ಲಿ 'ಈಸ್ಟ್ ಇಂಡಿಯಾ ಕಂಪನಿ', ಆಣೆಯ ಲೆಕ್ಕ, 1818 ಅನ್ನುವ ಇಸವಿ. ಕಂಪನಿ ಇಂಥ ನಾಣ್ಯ ಹೊರಡಿಸಿಯೇ ಇಲ್ಲ. ದೇವರ ಚಿತ್ರ ಇದೆ ಅನ್ನುವುದಕ್ಕೆ ಈ ಮಾತಲ್ಲ. ಇಕ್ಕೇರಿ ವರಾಹ ಅನ್ನುವ ಚಿನ್ನದ ನಾಣ್ಯದ ಮೇಲೆ ಶಿವ ಪಾರ್ವತಿಯರಿದ್ದರು, ಹೈದರಾಲಿಯೂ ಅದೇ ಚಿತ್ರ ಉಳಿಸಿಕೊಂಡ. ಮದರಾಸಿನಲ್ಲಿ ಕಂಪನಿಯೇ ದೇವರ ವರಾಹ ಹೊರಡಿಸಿತ್ತು. ಆದರೆ ಈ 1818ರದು ಆಮೇಲೆ ಯಾರೋ ಮಾಡಿ ಹಳೇ ಇಸವಿ ಹಾಕಿದ್ದು. ಇಂಥದ್ದನ್ನೇ 'ಅಕ್ಕಿ ಎಳೆಯುವ ನಾಣ್ಯ, ಕೋಟಿ ಬೆಲೆ' ಅಂತ ನಂಬಿಸಿ ದುಡ್ಡು ಹೊಡೆಯುವ ರೈಸ್ ಪುಲ್ಲಿಂಗ್ ದಂಧೆಯ ಸುದ್ದಿ ನೀವೂ ಓದಿರುತ್ತೀರಿ. ಆನ್‌ಲೈನಿನಲ್ಲಿ ತನ್ನ ಹೆಸರು ಹೇಳಿಕೊಂಡು ಹಳೇ ನೋಟು, ನಾಣ್ಯದ ವ್ಯಾಪಾರಕ್ಕೆ ಕರೆಯುವವರನ್ನು ನಂಬಬೇಡಿ ಅಂತ ರಿಸರ್ವ್ ಬ್ಯಾಂಕೇ 2021ರಲ್ಲಿ ಹೇಳಿತ್ತು. ಹಾಗಾಗಿ ಇವನ್ನು ಮಾರುವ ಮಾತೇ ಇಲ್ಲ.

ಈ ಎರಡಕ್ಕೂ 'ಬಿಲ್ಲೆ' ಅಂದರೆ ಹೇಗೆ? ಜಡೆಬಿಲ್ಲೆ, ಕುಂಟೆಬಿಲ್ಲೆ, ಕರ್ಪೂರದ ಬಿಲ್ಲೆ, ಜವಾನರ ಎದೆಯ ಮೇಲಿನ ಹಿತ್ತಾಳೆ ಬಿಲ್ಲೆ. ದುಂಡಗೆ, ಚಪ್ಪಟೆಯಾಗಿ ಇದ್ದರೆ ಸಾಕು, ಅದಕ್ಕೆ ಬೆಲೆ ಇದೆ ಅಂತಲೂ ಇಲ್ಲ, ಸುಳ್ಳು ಅಂತಲೂ ಇಲ್ಲ. 'ಪೂಜೆಯ ಬಿಲ್ಲೆ' ಅಂದರೆ ಅತ್ತೆಗೂ ಸಮಾಧಾನ, ಅಣ್ಣನಿಗೂ ಅದು ಹಣವಲ್ಲ ಅಂತ ತಿಳಿಯುತ್ತದೆ. ಅತ್ತೆ ಇದಕ್ಕೆ 'ರಾಮನ ಕಾಸು' ಅನ್ನುತ್ತಾರೆ. ಕೇಳಲು ಅದೇ ಚೆಂದ. ಆದರೆ ಕಾಸು ಅಂದಕೂಡಲೇ ಆನೆ ಕಾಸಿನ ಹಾಗೆ ಒಂದು ಕಾಲದಲ್ಲಿ ಓಡಾಡಿದ ನಾಣ್ಯ ಅನ್ನಿಸಿಬಿಡುತ್ತದೆ. ಅದೊಂದೇ ನನ್ನ ಹಿಂಜರಿಕೆ.

ಇನ್ನು ಕಾಗದದವು. ಮಕ್ಕಳ ಆಟಕ್ಕೆ ಅಂಗಡಿಯಲ್ಲಿ ಮಾರುವ ನೋಟು ಬೇಕಾದಷ್ಟಿವೆ. ಒಂದರ ಮೇಲೆ ರಿಸರ್ವ್ ಬ್ಯಾಂಕ್ ಅಂತ ಇರಬೇಕಾದ ಕಡೆ 'ಚಿಲ್ಡ್ರನ್ ಬ್ಯಾಂಕ್ ಆಫ್ ಇಂಡಿಯಾ', ಮುದ್ರೆ ಇರಬೇಕಾದ ಕಡೆ 'ಚೂರನ್ ಲೇಬಲ್'. 2017ರಲ್ಲಿ ದೆಹಲಿಯ ಒಂದು ಎಟಿಎಂನಿಂದ ಇಂಥದ್ದೇ ಎರಡು ಸಾವಿರದ ನೋಟು ಬಂದು ದೊಡ್ಡ ಸುದ್ದಿಯಾಗಿತ್ತು. ಅಂಗಡಿಯಲ್ಲಿದ್ದಾಗ ಅದು ಆಟದ ನೋಟು, ಎಟಿಎಂನಿಂದ ಬಂದ ದಿನ ಪತ್ರಿಕೆಗಳಲ್ಲಿ ನಕಲಿ ನೋಟು. ಕಾಗದ ಅದೇ, ಬಳಸಿದವರ ಉದ್ದೇಶ ಬೇರೆ. ಕಾನೂನೂ ಹೀಗೇ ನೋಡುತ್ತದೆ. ಭಾರತೀಯ ನ್ಯಾಯ ಸಂಹಿತೆಯ 180ನೇ ಸೆಕ್ಷನ್ ಪ್ರಕಾರ ಖೋಟಾ ಅಂತ ಗೊತ್ತಿದ್ದೂ, ಅಸಲಿ ಎಂಬಂತೆ ಬಳಸಲು ಇಟ್ಟುಕೊಂಡರೆ ಅಪರಾಧ. ನೋಟನ್ನು ಹೋಲುವ ಕಾಗದ ಮಾಡುವುದು, ಬಳಸುವುದು, ಕೊಡುವುದು 182ನೇ ಸೆಕ್ಷನ್ನಿನಲ್ಲಿ ಬೇರೆಯೇ ಬರುತ್ತದೆ. ಅದಕ್ಕೆ ದಂಡ ಮಾತ್ರ. ಅದಕ್ಕೇ ಪಟ್ಟಿಯಲ್ಲಿ 'ಖೋಟಾ' ಅನ್ನುವ ಪದ ನಮ್ಮ ಕೈಯಾರೆ ಬರೆಯುವುದು ನನಗೆ ಇಷ್ಟವಿಲ್ಲ. ಉತ್ತರ ಕರ್ನಾಟಕದ 'ಖೊಟ್ಟಿ'ಯೂ ಬೈಗುಳದ ಹಾಗೇ ಕೇಳಿಸುತ್ತದೆ.

ಇವುಗಳ ನಡುವೆ ನನಗೆ ತುಂಬಾ ಹಿಡಿಸಿದ್ದು ಸೊನ್ನೆ ರೂಪಾಯಿ ನೋಟು. ಚೆನ್ನೈನ ಫಿಫ್ತ್ ಪಿಲ್ಲರ್ ಸಂಸ್ಥೆ 2007ರಲ್ಲಿ ಶುರು ಮಾಡಿದ್ದು. ಲಂಚ ಕೇಳಿದವರ ಕೈಗೆ ಇದನ್ನು ಕೊಡಬೇಕು. 'ಇಷ್ಟು ಹಣ ಕೊಡುತ್ತೇನೆ' ಅನ್ನುವ ವಾಗ್ದಾನದ ಬದಲು 'ಲಂಚ ಕೊಡುವುದಿಲ್ಲ, ತೆಗೆದುಕೊಳ್ಳುವುದಿಲ್ಲ' ಅಂತ ಬರೆದಿರುತ್ತದೆ. ಮಾವ ಇದನ್ನು ಕವರಿನಲ್ಲಿ ಜೋಪಾನವಾಗಿ ಇಟ್ಟಿದ್ದರು. ಇದಕ್ಕೆ 'ಆಟದ ನೋಟು' ಅನ್ನಲು ಮನಸ್ಸು ಬರುವುದಿಲ್ಲ. 'ಅಣಕು ನೋಟು' ಸರಿಹೋಗುತ್ತದೆ ಅಂತ ನನ್ನ ಅನಿಸಿಕೆ. ಅಣಕು ಶವಯಾತ್ರೆ, ಅಣಕು ಮತದಾನ, ಅಣಕು ಪ್ರದರ್ಶನ ಅಂತ ದಿನಾ ಪತ್ರಿಕೆಗಳಲ್ಲಿ ಓದುತ್ತೇವೆ. ಅಸಲಿ ಅಲ್ಲ ಅಂತ ಎಲ್ಲರಿಗೂ ಗೊತ್ತಿದ್ದೇ ಮಾಡುವ ಕೆಲಸ. ಮೋಸದ ವಾಸನೆ ಇಲ್ಲ.

'ಸೋಗಿನ ಹಣ' ಅನ್ನುವುದನ್ನೂ ಯೋಚಿಸಿದೆ. ಹಗಲುವೇಷದವರು ರಾಜನ ಸೋಗು ಹಾಕಿದರೆ ಅವರನ್ನು ಯಾರೂ ವಂಚಕರು ಅನ್ನುವುದಿಲ್ಲವಲ್ಲ. ಆದರೆ ಈಗಿನ ಬಳಕೆಯಲ್ಲಿ 'ಸೋಗು ಹಾಕಿ ಮೋಸ' ಅನ್ನುವುದೇ ಜಾಸ್ತಿ.

786ರಲ್ಲಿ ಮುಗಿಯುವ ನಂಬರಿನ ನೋಟುಗಳು, ಹೊಸ ಸಂಸತ್ ಭವನದ ನೆನಪಿಗೆ 2023ರಲ್ಲಿ ಬಂದ 75 ರೂಪಾಯಿಯಂಥ ಸ್ಮಾರಕ ನಾಣ್ಯಗಳು ಇದರಲ್ಲಿ ಸೇರುವುದಿಲ್ಲ. ಅವು ಅಸಲಿ ಹಣವೇ. ಅವನ್ನು ಬೇರೆ ಹಾಳೆಯಲ್ಲಿ ಬರೆದಿದ್ದೇನೆ.

ಸದ್ಯಕ್ಕೆ ಪೂಜೆಯ ಬಿಲ್ಲೆ, ಆಟದ ನೋಟು, ಅಣಕು ನೋಟು ಅಂತ ಮೂರು ಬಗೆ ಮಾಡಿದ್ದೇನೆ. ಬಿಲ್ಲೆಗಳು ಅತ್ತೆಯ ಹತ್ತಿರವೇ ಇರಲಿ. ಆಟದ ನೋಟುಗಳಲ್ಲಿ ತೀರಾ ಅಸಲಿಯ ಹಾಗಿರುವುದನ್ನು ತೆಗೆದಿಟ್ಟು ಉಳಿದದ್ದು ಮಕ್ಕಳಿಗೆ. ಸೊನ್ನೆ ರೂಪಾಯಿಯದನ್ನು ನಾನೇ ಕೇಳಿ ಪಡೆಯುತ್ತೇನೆ. ಉಳಿದಿರುವುದು ಎರಡು ಪ್ರಶ್ನೆ. ಮೂರನ್ನೂ ಒಳಗೊಳ್ಳುವ ತಲೆಬರಹಕ್ಕೆ ನಿಮ್ಮ ಕಡೆ ಬಳಕೆಯಲ್ಲಿರುವ ಪದ ಯಾವುದಾದರೂ ಇದೆಯೇ? ಆ 1818ರ ಬಿಲ್ಲೆಯ ಮುಂದೆ 'ಇಸವಿ ನಿಜವಲ್ಲ' ಅನ್ನುವುದನ್ನು, ಮುಂದೆ ಅದು ಯಾರ ಕೈಗೆ ಹೋದರೂ ಮೋಸ ಹೋಗದ ಹಾಗೆ, ಅತ್ತೆಗೂ ನೋವಾಗದ ಹಾಗೆ ಹೇಗೆ ಬರೆಯಲಿ? ಧಾರವಾಡ, ಕರಾವಳಿ ಕಡೆಯವರು ಏನನ್ನುತ್ತೀರಿ ಅಂತ ಕೇಳಲು ಕಾದಿದ್ದೇನೆ.