ಆರ್‌ಟಿಟೋವ್ ಓಡಿಸೋಕೆ ಮುಂಚೆ ಏನೇನ್ ರೆಡಿ ಮಾಡ್ಕೋಬೇಕು? (ಇನ್ಸಾಟ್-3ಡಿಆರ್)

ಮಳೆಹುಚ್ಚ:
ಎಲ್ರಿಗೂ ನಮಸ್ಕಾರ. ಪಿಎಚ್‌ಡಿ ಎರಡನೇ ವರ್ಷ. ಇಆರ್‌ಎ5 (ಹಿಂದಿನ ಹವಾಮಾನವನ್ನ ಮಾಡೆಲಲ್ಲಿ ಮತ್ತೆ ಕಟ್ಟಿರೋ ಡೇಟಾ) ನಿಂದ ಉಷ್ಣಾಂಶ, ತೇವಾಂಶ ತಗೊಂಡು, ಆ ಹೊತ್ತಲ್ಲಿ ಇನ್ಸಾಟ್-3ಡಿಆರ್ ಹವಾಮಾನ ಸ್ಯಾಟಲೈಟಿನ ಇಮೇಜರ್‌ಗೆ (ಚಿತ್ರ ತೆಗೆಯೋ ಉಪಕರಣ) ಮೇಲಿಂದ ಏನು ಕಾಣ್ಬೇಕಿತ್ತು ಅಂತ ಆರ್‌ಟಿಟೋವ್ ಅನ್ನೋ ಸಾಫ್ಟ್‌ವೇರಲ್ಲಿ ಲೆಕ್ಕ ಹಾಕಿ, ಇಸ್ರೋದ ಮೋಸ್‌ಡ್ಯಾಕ್ ಸೈಟಲ್ಲಿ ಸಿಗೋ ನಿಜವಾದ ಡೇಟಾ ಜೊತೆ ಹೋಲಿಸ್ಬೇಕು, ಗೈಡ್ ಹೇಳಿದ್ದು ಇಷ್ಟೇ. ಜಾಗ ಆಗುಂಬೆ ಸುತ್ತಮುತ್ತ, ತಿಂಗಳು ಜುಲೈ. ಡಿಪಾರ್ಟ್‌ಮೆಂಟ್ ಕ್ಲಸ್ಟರಲ್ಲಿ ಹಾಕ್ಬೇಕು, ರೂಟ್ (ಅಡ್ಮಿನ್) ಪರ್ಮಿಷನ್ ಇಲ್ಲ. ಕಂಪೈಲ್ ಮಾಡಕ್ಕೆ ಹೋದ್ರೆ ಎಚ್‌ಡಿಎಫ್5 (ದೊಡ್ಡ ಡೇಟಾ ಫೈಲ್ ಓದೋ ಲೈಬ್ರರಿ) ಮಾಡ್ಯೂಲ್ ಫೈಲ್ ಓದಕ್ಕಾಗಲ್ಲ ಅಂತ ಎರಡು ದಿನದಿಂದ ಬೈತಾ ಇದೆ. ನಂಗೆ ಪೈಥಾನ್ ಬರುತ್ತೆ, ಆರ್‌ಟಿಟೋವ್ ಬರೆದಿರೋ ಫೋರ್ಟ್ರಾನ್ ಅಂದ್ರೆ ಕೈಕಾಲು ನಡುಗುತ್ತೆ. ಸೀನಿಯರ್ ಹತ್ರ ಹಳೇ ಕಾಪಿ ಇದೆ, ಅದನ್ನೇ ಎತ್ಕೊಂಡ್ಬಿಡ್ಲಾ?

ಹಳೇ_ಫೋರ್ಟ್ರಾನ್:
ಕಾಪಿ ಬೇಡ ಮಾರಾಯ. ಆರ್‌ಟಿಟೋವ್ ಕೊಡೋ ಎನ್‌ಡಬ್ಲ್ಯೂಪಿ ಸ್ಯಾಫ್ ಸೈಟಲ್ಲಿ ನಿಮ್ಮ ಹೆಸರಲ್ಲೇ ರಿಜಿಸ್ಟರ್ ಆಗಿ, ದುಡ್ಡೇನೂ ಕೇಳಲ್ಲ, ಹೊಸ ವರ್ಷನ್ನೂ ಸಿಗುತ್ತೆ.

ಆ ಎಚ್‌ಡಿಎಫ್5 ತಕರಾರು ಹತ್ರಲ್ಲಿ ಒಂಬತ್ತು ಸಲ ಒಂದೇ ಕಾರಣಕ್ಕೆ. ಕ್ಲಸ್ಟರಲ್ಲಿರೋ ಲೈಬ್ರರಿನ ಇಂಟೆಲ್ ಕಂಪೈಲರಲ್ಲಿ ಕಟ್ಟಿರ್ತಾರೆ, ನೀವು ಜಿಫೋರ್ಟ್ರಾನ್ ಅನ್ನೋ ಬೇರೆ ಕಂಪೈಲರಲ್ಲಿ ಕಟ್ಟಕ್ಕೆ ಹೋಗಿರ್ತೀರಿ, ಒಬ್ರ ಮಾಡ್ಯೂಲ್ ಫೈಲ್ ಇನ್ನೊಬ್ರಿಗೆ ಓದಕ್ಕೆ ಬರಲ್ಲ. ಎರಡೂ ಒಂದೇ ಕಂಪೈಲರ್ ಆಗ್ಬೇಕು. ಸಿಸ್ಟಂ ಅಡ್ಮಿನ್ ಕೈಕಾಲು ಹಿಡಿಯೋದಕ್ಕಿಂತ ಕೊಂಡಾದಲ್ಲಿ (ಪ್ಯಾಕೇಜ್ ಇನ್‌ಸ್ಟಾಲ್ ಮಾಡೋ ಟೂಲ್) ಜಿಫೋರ್ಟ್ರಾನ್, ಎಚ್‌ಡಿಎಫ್5 ಎರಡೂ ನಿಮ್ಮ ಹೋಂ ಫೋಲ್ಡರ್‌ಗೇ ಹಾಕ್ಕೊಂಡು ಮೇಕ್‌ಫೈಲ್‌ನಲ್ಲಿ ಆ ದಾರಿ ಕೊಟ್ಬಿಡಿ, ರೂಟ್ ಗೀಟ್ ಏನೂ ಬೇಡ. ಪೈಥಾನ್ ರ‍್ಯಾಪರ್ (ಆರ್‌ಟಿಟೋವ್ ಅನ್ನ ಪೈಥಾನಿಂದಲೇ ಕರೆಯೋ ಪದರ) ಬೇಕು ಅಂದ್ರೆ ಎನ್ವಿರಾನ್ಮೆಂಟಲ್ಲಿ ಪೈಥಾನ್ 3.11 ಇಟ್ಕೊಳ್ಳಿ, 3.12 ರಿಂದ ನಂಪೈ ಡಿಸ್ಟ್ಯುಟಿಲ್ಸ್ ಹೋಗಿರೋದ್ರಿಂದ ಎಫ್2ಪೈಗೆ (ಫೋರ್ಟ್ರಾನನ್ನ ಪೈಥಾನ್‌ಗೆ ಜೋಡಿಸೋ ಟೂಲ್) ಕೊಡೋ ಹಳೇ ಆಪ್ಷನ್‌ಗಳು ನಡೆಯಲ್ಲ, ನಾನೇ ಒಂದು ವಾರ ತಲೆ ಚಚ್ಕೊಂಡಿದೀನಿ.

ಕೋಎಫಿಷಿಯೆಂಟ್ ಫೈಲ್ (ಒಂದೊಂದು ಉಪಕರಣಕ್ಕೂ ಬೇಕಾದ ಲೆಕ್ಕದ ಸಂಖ್ಯೆಗಳು) ಬೇರೆಯಾಗಿ ಇಳಿಸ್ಬೇಕು. ಎಲ್ಲಾ ಇರ್ಲಿ ಅಂತ ಆಸೆ ಪಡ್ಬೇಡಿ, ಐಎಎಸ್ಐ ಅನ್ನೋ ಸ್ಯಾಟಲೈಟ್ ಉಪಕರಣ ಒಂದಕ್ಕೇ 8461 ಚಾನೆಲ್ (ಅಳೆಯೋ ತರಂಗಾಂತರದ ಪಟ್ಟಿ), ನಿಮ್ಮ ಡಿಸ್ಕ್ ಕೋಟಾ ಮುಗಿದು ಹೋಗುತ್ತೆ. ನಿಮಗೆ ಬೇಕಾಗಿರೋದು ಆರೇ ಆರು ಚಾನೆಲ್ಲಿನ ಇಮೇಜರ್ದು. ಆಮೇಲೆ ಅವರೇ ಕೊಟ್ಟಿರೋ ಟೆಸ್ಟ್ ಓಡಿಸಿ, ಉತ್ತರ ಅವರ ಫೈಲ್ ಜೊತೆ ತಾಳೆ ಆಗೋವರೆಗೂ ಇಆರ್‌ಎ5 ಮುಟ್ಟಲೇಬೇಡಿ. ಸೆಗ್ಮೆಂಟೇಷನ್ ಫಾಲ್ಟ್ ಅಂತ ಬಿದ್ರೆ ಮೊದ್ಲು ಸ್ಟ್ಯಾಕ್ ಲಿಮಿಟ್ (ಪ್ರೋಗ್ರಾಂಗೆ ಕೊಡೋ ಒಂದು ಮೆಮೊರಿ ಮಿತಿ) ತೆಗೆದು ನೋಡಿ.

ಕಡಲತಡಿ:
ಇನ್‌ಸ್ಟಾಲ್ ವಿಷ್ಯ ಮೇಲಿನವರು ಹೇಳಿದ್ರಲ್ಲ, ನಂದು ಬೇರೆ. ಜುಲೈ ಆಗುಂಬೆ ಇಟ್ಕೊಂಡು ಶುರು ಮಾಡ್ಬೇಡಿ ದಯವಿಟ್ಟು! ಬರೀ ಉಷ್ಣಾಂಶ, ತೇವಾಂಶ ಕೊಟ್ರೆ ಅದು ಮೋಡನೇ ಇಲ್ಲ ಅಂದ್ಕೊಂಡು ಲೆಕ್ಕ ಹಾಕುತ್ತೆ, ಅಲ್ಲಿ ನೋಡಿದ್ರೆ ತಿಂಗಳುಗಟ್ಲೆ ಮೋಡ ಬಿಟ್ಟು ಇನ್ನೇನೂ ಇಲ್ಲ, ಎತ್ತರದ ಮೋಡದ ತಲೆ ಕಂಡ್ರೆ ಸ್ಯಾಟಲೈಟ್ 200-220 ಕೆಲ್ವಿನ್ ಉಷ್ಣಾಂಶ ತೋರ್ಸುತ್ತೆ, ನಿಮ್ ಲೆಕ್ಕ 290ರ ಆಸುಪಾಸು ಇರುತ್ತೆ, ತಪ್ಪು ಕೋಡಲ್ಲೋ ಆಕಾಶದಲ್ಲೋ ಅಂತ ಯಾವ ಜನ್ಮಕ್ಕೂ ಗೊತ್ತಾಗಲ್ಲ. ಫೆಬ್ರವರಿಯ ಒಂದು ತಿಳಿ ದಿನ ಹುಡುಕಿ, ಮಂಗಳೂರಿಂದಾಚೆ ಸಮುದ್ರದ ಮೇಲೆ ಒಂದೇ ಒಂದು ಪಾಯಿಂಟ್ ತಗೊಳ್ಳಿ. ನೆಲ ಯಾಕೆ ಬೇಡ ಅಂದ್ರೆ ಅಲ್ಲಿ ಎಮಿಸಿವಿಟಿ ಅಟ್ಲಾಸ್ (ಯಾವ ನೆಲ ಎಷ್ಟು ಶಾಖ ಸೂಸುತ್ತೆ ಅನ್ನೋ ನಕ್ಷೆ) ಕೊಡ್ಬೇಕಾಗುತ್ತೆ, ಇಲ್ಲಾಂದ್ರೆ ಕಾಡು, ಗದ್ದೆ, ಬಂಡೆ ಎಲ್ಲಕ್ಕೂ ಒಂದೇ ನಂಬರ್ ಹಾಕ್ಬಿಡುತ್ತೆ.

ಇನ್ನು ಎಲ್ರೂ ಎಡವೋ ಜಾಗ. ಪ್ರೆಷರ್ ಹೆಕ್ಟೋಪ್ಯಾಸ್ಕಲಲ್ಲಿ ಬೇಕು, ಇಆರ್‌ಎ5 ಸರ್ಫೇಸ್ ಪ್ರೆಷರ್ ಪ್ಯಾಸ್ಕಲಲ್ಲಿ ಬರುತ್ತೆ. ಪ್ರೊಫೈಲ್ (ಎತ್ತರೆತ್ತರದ ಉಷ್ಣಾಂಶ, ತೇವಾಂಶದ ಸಾಲು) ಮೇಲಿಂದ ಕೆಳಕ್ಕೆ ಇರ್ಬೇಕು. ತೇವಾಂಶದ ಯೂನಿಟ್ ಕೆಜಿಗೆ ಕೆಜಿ ಅಂತ ಹೇಳ್ದೆ ಪಿಪಿಎಂ ಅಂತ ಬಿಟ್ರೆ ಗಾಳಿ ಒಣಗಿ ಮರುಭೂಮಿ ಆಗುತ್ತೆ. ಆಮೇಲೆ ಜೆನಿತ್ ಕೋನ (ನೆತ್ತಿಯಿಂದ ಸ್ಯಾಟಲೈಟ್ ಎಷ್ಟು ವಾಲಿದೆ ಅನ್ನೋದು): 3ಡಿಆರ್ 74 ಡಿಗ್ರಿ ಪೂರ್ವದಲ್ಲಿದೆ, ಮಂಗಳೂರು 12.9 ಉತ್ತರ, ಹಂಗಂತ 12.9 ಅಂತ ಬರೀಬೇಡಿ, ಭೂಮಿ ಗುಂಡಗಿರೋ ಲೆಕ್ಕ ಹಿಡಿದ್ರೆ ಸುಮಾರು 15 ಆಗುತ್ತೆ.

ಮಳೆಹುಚ್ಚ:
ಇಬ್ರಿಗೂ ಕೈ ಮುಗಿದೆ. ಕಂಪೈಲರ್ದೇ ತಪ್ಪು, ಕೊಂಡಾ ದಾರೀಲಿ ಟೆಸ್ಟ್ ಎಲ್ಲಾ ಪಾಸ್. ಸಮುದ್ರದ ಪಾಯಿಂಟಲ್ಲಿ ಫಸ್ಟ್ ಸಲ ಅಸಂಬದ್ಧ ನಂಬರ್ ಬಂತು, ನೋಡಿದ್ರೆ ಪ್ರೊಫೈಲ್ ತಲೆಕೆಳಗಾಗಿತ್ತು 🙈 ತಿರುಗಿಸಿದ ಮೇಲೆ 10.8 ಮೈಕ್ರಾನ್ ಚಾನೆಲಲ್ಲಿ ನಂದು 296, ಸ್ಯಾಟಲೈಟ್ದು 295! ಆದ್ರೆ 6.8 ರ ವಾಟರ್ ವೇಪರ್ ಚಾನೆಲಲ್ಲಿ 4 ಕೆಲ್ವಿನ್ ವ್ಯತ್ಯಾಸ ಇದೆ, ಸಮುದ್ರದ ಉಷ್ಣಾಂಶ ಬದಲಾಯಿಸಿ ನೋಡಿದ್ರೂ ಒಂಚೂರೂ ಅಲ್ಲಾಡಲ್ಲ.

ಕಡಲತಡಿ:
ಅಲ್ಲಾಡೋದೇ ಇಲ್ಲ, ಆ ಚಾನೆಲ್‌ಗೆ ಸಮುದ್ರ ಕಾಣಲ್ಲ. ಅದು ನೋಡೋದು ಮೇಲಿನ-ಮಧ್ಯದ ಗಾಳಿಯ ತೇವಾಂಶನ, ಹೆಚ್ಚುಕಮ್ಮಿ 300 ರಿಂದ 600 ಹೆಕ್ಟೋಪ್ಯಾಸ್ಕಲ್. ಅಲ್ಲಿನ ತೇವಾಂಶ 10 ಪರ್ಸೆಂಟ್ ಏರಿಸಿ, ಇಳಿಸಿ ಎರಡು ಸಲ ಓಡ್ಸಿ ನೋಡಿ. ಇನ್ನೊಂದು, ಆ ಚಾನೆಲ್ಲಿನ ಪಿಕ್ಸೆಲ್ 8 ಕಿಮೀ, 10.8 ರದ್ದು 4. ಪಕ್ಕದಲ್ಲಿ ತೆಳು ಸಿರಸ್ (ಎತ್ತರದ ಎಳೆಎಳೆ ಮೋಡ) ಇತ್ತಾ ಅಂತ ಚಿತ್ರ ತೆಗೆದು ಕಣ್ಣಲ್ಲೇ ನೋಡಿ, ಇಲ್ಲಿ ಹಾಕಿದ್ರೆ ನಾನೂ ನೋಡ್ತೀನಿ.