ಸಮಸ್ಯೆ: ‘ಕುರುಡಂ ಕಂಡಂ ಸಮಸ್ತಲೋಕಂಗಳುಮಂ’

ಸಂಚಾಲಕರು: ಇದೇ ಕೊನೆಯ ಪಾದವಾಗುವಂತೆ, ಕವಿಯೊಬ್ಬನ ಮೇಲೆಯೇ ಪದ್ಯಪೂರಣವಾಗಲಿ. ಧೃತರಾಷ್ಟ್ರನೂ ಸಂಜಯನೂ ಬೇಡ.

ಶಿರಸಿಯವರು:
ವರಮುರಳೀಧರಗೀತಂ
ಪರಿದಿರೆ ಸೂರನ ಪದಂಗಳೊಳ್ ಯಮುನೆಯವೋಲ್
ಹರಿಯಂ ಕಂಡೊಡೆ ಸಾಲದೆ
ಕುರುಡಂ ಕಂಡಂ ಸಮಸ್ತಲೋಕಂಗಳುಮಂ

ಸಂಚಾಲಕರು: ಕುರುಡಕವಿ ಸೂರದಾಸ! ಸೊಗಸು.

ಮೈಸೂರಿನವರು:
ಇರುಳಾಗೆ ಕಣ್ಗೆ ಮಿಲ್ಟನ್
ಬರೆಯಿಸಿದಂ ಸ್ವರ್ಗನಷ್ಟಕಥೆಯಂ ಪೆಱರಿಂ
ಪೊರಗಣ್ ಪೋದೊಡಮೊಳಗಿಂ
ಕುರುಡಂ ಕಂಡಂ ಸಮಸ್ತಲೋಕಂಗಳುಮಂ

ಶಿರಸಿಯವರು: ‘ಮಗಳಿಂ’ ಎನ್ನಬಹುದಿತ್ತಲ್ಲ?

ಮೈಸೂರಿನವರು: ಮಗಳಂದಿರಷ್ಟೇ ಬರೆದುಕೊಂಡರೆಂಬುದು ಚಿತ್ರಕಾರರು ಬೆಳೆಸಿದ ಕಥೆ. ಇಂಗ್ಲಿಷ್ ಕವಿ ಮಿಲ್ಟನ್ 1652ರ ಹೊತ್ತಿಗೆ ಪೂರ್ತಿ ಕುರುಡನಾದವನು, ಕೈಗೆ ಸಿಕ್ಕ ಶಿಷ್ಯರು, ಗೆಳೆಯರು ಎಲ್ಲರಿಂದಲೂ ಬರೆಸಿದ. ಅದಕ್ಕೇ ‘ಪೆಱರಿಂ’.

ಧಾರವಾಡದವರು: ಅದಿರಲಿ, ಆದಿಪ್ರಾಸ, ಅಂದರೆ ಪಾದಗಳ ಎರಡನೆಯ ಅಕ್ಷರದ ಪ್ರಾಸ, ತಪ್ಪಿ ಮೂರನೆಯ ಪಾದ ಬಿದ್ದಿದೆ. ‘ಪೊಱಗು’ ಶಕಟರೇಫದ, ಎಂದರೆ ಹಳಗನ್ನಡದ ಬಂಡಿ ‘ಱ’ದ ಮಾತು. ಕುರುಡ, ಇರುಳು, ಬರೆಗಳ ಪಂಕ್ತಿಯಲ್ಲಿ ಅದನ್ನು ಕೂರಿಸಿದ್ದು ಹೇಗೆ?

ಮೈಸೂರಿನವರು: ಕುಮಾರವ್ಯಾಸನ ಕಾಲಕ್ಕೆ ಆ ಭೇದವೇ ಅಳಿದಿತ್ತು.

ಧಾರವಾಡದವರು: ಹಾಗಾದರೆ ಎರಡನೆಯ ಪಾದದಲ್ಲಿ ‘ಪೆಱರಿಂ’ ಎಂದು ಬಂಡಿ ಕಟ್ಟಿದವರು ಯಾರು? ಒಂದು ಪಾದಕ್ಕೆ ಪಂಪ, ಮರುಪಾದಕ್ಕೆ ಕುಮಾರವ್ಯಾಸನೇ? ಪಂಪಭಾರತದ 941ಕ್ಕೆ ಹೋದವರು ಅಲ್ಲೇ ನಿಲ್ಲಬೇಕು.

ಮೈಸೂರಿನವರು: ಯುಗಾದಿಯಂದು ನಿಮ್ಮ ‘ಮೞೆ’ಗೆ ‘ಎಳೆ’ ಪ್ರಾಸವಾಗಿತ್ತು, ಹಳಗನ್ನಡದ ‘ೞ’ಕ್ಕೆ ‘ಳ’. ನಾನು ಬಾಯಿ ತೆರೆಯಲಿಲ್ಲ.

ಧಾರವಾಡದವರು: ಅದು ಎಳೆಯ ಮಗುವಿನ ಎಳೆಯಲ್ಲ, ನೂಲಿನ ‘ಎೞೆ’. ಬೆರಳಚ್ಚಿನಲ್ಲಿ ತಪ್ಪಿತ್ತು, ಪ್ರಾಸದಲ್ಲಿ ಅಲ್ಲ. ಕಿಟ್ಟೆಲ್ ನಿಘಂಟು ತೆರೆದು ನೋಡಿ.

ಮಂಗಳೂರಿನವರು: ಯಾರ ಮೇಲಿನ ಪದ್ಯಕ್ಕೆ ಪ್ರಾಸದ ಜಗಳ! ನಿಮ್ಮ ಸ್ವರ್ಗನಷ್ಟಕಥೆ, ಮಿಲ್ಟನ್ನನ ‘ಪ್ಯಾರಡೈಸ್ ಲಾಸ್ಟ್’, 1667ರಲ್ಲಿ ಅಂತ್ಯಪ್ರಾಸವಿಲ್ಲದೆ ಬಂತು. ಓದುಗರು ಗೊಣಗಿದಾಗ, ಪ್ರಾಸ ಒಳ್ಳೆಯ ಕಾವ್ಯಕ್ಕೆ ಅನಿವಾರ್ಯವಲ್ಲವೆಂದು ಮಿಲ್ಟನ್ ಮುನ್ನುಡಿಯನ್ನೇ ಸೇರಿಸಿದ. ನಮ್ಮ ಮಂಜೇಶ್ವರದ ಗೋವಿಂದ ಪೈಗಳೂ 1911ರಲ್ಲಿ ಆದಿಪ್ರಾಸವನ್ನು ಬಿಟ್ಟರು.

ಧಾರವಾಡದವರು: ಪೈಗಳು ಬಿಟ್ಟರು, ತಪ್ಪಲಿಲ್ಲ. ಅವರ ಹೆಸರನ್ನು ಇಲ್ಲಿ ಗುರಾಣಿ ಮಾಡಿಕೊಳ್ಳಬೇಡಿ.

ಮಂಗಳೂರಿನವರು: ಗುರಾಣಿಯಲ್ಲ ಸ್ವಾಮಿ. ಆ ಧೈರ್ಯದ ಮೇಲೆ ನನಗೆ ಗೌರವವಿದೆ, ಅದಕ್ಕೇ ಹೇಳಿದೆ.

ಸಂಚಾಲಕರು: ಮೈಸೂರಿನವರೇ, ತಿದ್ದುತ್ತೀರೋ, ವಾದಿಸುತ್ತೀರೋ?

ಮೈಸೂರಿನವರು: ತಿದ್ದುತ್ತೇನೆ. ರಾತ್ರಿಯೆಲ್ಲ ಕೂತು ಹುಡುಕಿದ್ದು:
ಕರಗಿದೊಡಂ ಬೆಳಗೊಳಗಿಂ

ಶಿರಸಿಯವರು: ಆಹಾ! ಮೊದಲಿನದಕ್ಕಿಂತ ಇದೇ ಮೇಲು. ‘ಬೆಳಗೊಳಗಿಂ’ ಎನ್ನುವಾಗ ದೀಪ ಆರಿದ ಕೋಣೆಯೊಳಗೆ ನಡೆದ ಹಾಗಾಗುತ್ತದೆ.

ಧಾರವಾಡದವರು: ಪಾದ ಈಗ ನಿಂತಿತು, ಒಪ್ಪಿದೆ. ಆದರೆ ‘ಸ್ವರ್ಗನಷ್ಟಕಥೆ’ ಎಂಬುದು ಯಾವ ಸಮಾಸ, ರಾಯರೇ? ‘ನಷ್ಟಸ್ವರ್ಗ’ ಅಲ್ಲವೇ ಆಗಬೇಕಾದದ್ದು?