‘ರಿಸಲ್ಟ್ ನೋಡಿ ಸಂಬಳ ಕೊಡಿ’: ನಮ್ಮನೆ ಗುಂಪಿನಲ್ಲಿ ನಿನ್ನೆ ರಾತ್ರಿ

ಅಕ್ಕ ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಡುತ್ತಾಳೆ. ಚಿಕ್ಕಮ್ಮ ಇನ್ನೊಂದು ಶಾಲೆಯ ಆಫೀಸಿನಲ್ಲಿದ್ದು ನಿವೃತ್ತರಾದವರು. ಪುಟ್ಟಿ ಅಣ್ಣನ ಮಗಳು, ಹತ್ತನೇ ತರಗತಿ. ಅಣ್ಣ ಹಾಕಿದ ಒಂದು ಫಾರ್ವರ್ಡ್‌ನಿಂದ ಶುರುವಾದ ಮಾತು ಇದು. ಎಲ್ಲರನ್ನೂ ಕೇಳಿಯೇ ಇಲ್ಲಿ ಹಾಕುತ್ತಿದ್ದೇನೆ.

ಅಣ್ಣ: (ಫಾರ್ವರ್ಡ್) “ಮಕ್ಕಳು ಫೇಲಾದರೆ ಮೇಷ್ಟ್ರ ಸಂಬಳಕ್ಕೆ ಕತ್ತರಿ ಹಾಕಿ. ಪಾಸಾದರೆ ಬೋನಸ್ ಕೊಡಿ. ಒಂದೇ ವರ್ಷದಲ್ಲಿ ಶಾಲೆಗಳು ಸರಿಹೋಗುತ್ತವೆ.”

ಅಣ್ಣ: ನೂರಕ್ಕೆ ನೂರು ಸರಿ. ನಮ್ಮ ಕಂಪನಿಯಲ್ಲಿ ಟಾರ್ಗೆಟ್ ಮುಟ್ಟದಿದ್ದರೆ ಇನ್‌ಕ್ರಿಮೆಂಟ್ ಇಲ್ಲ. ಮೇಷ್ಟ್ರಿಗೆ ಮಾತ್ರ ಯಾಕೆ ವಿನಾಯಿತಿ?

ದೊಡ್ಡಪ್ಪ: ಒಳ್ಳೇ ಮಾತು. ಹೆದರಿಕೆ ಇದ್ದ ಕಡೆ ಕೆಲಸ ಆಗುತ್ತೆ.

ಅಕ್ಕ: ದೊಡ್ಡಪ್ಪ, ಇದನ್ನ ಇಂಗ್ಲೆಂಡಿನವರು 1862ರಲ್ಲೇ ಮಾಡಿ ನೋಡಿದ್ದಾರೆ. ಇನ್‌ಸ್ಪೆಕ್ಟರ್ ಬಂದು ಓದು, ಬರಹ, ಲೆಕ್ಕ ಪರೀಕ್ಷೆ ಮಾಡೋದು, ಎಷ್ಟು ಮಕ್ಕಳು ಪಾಸಾದರು ಅಂತ ನೋಡಿ ಶಾಲೆಗೆ ಅನುದಾನ ಕೊಡೋದು. ಏನಾಯ್ತು? ಪರೀಕ್ಷೆಗೆ ಬರೋದನ್ನ ಮಕ್ಕಳಿಂದ ಬಾಯಿಪಾಠ ಮಾಡಿಸಿದರು, ಉಳಿದ ವಿಷಯಗಳು ಮೂಲೆ ಸೇರಿದವು. 1890ರ ದಶಕದಲ್ಲಿ ಅವರೇ ಕೈಬಿಟ್ಟರು.

ಅಣ್ಣ: ಅಷ್ಟು ಹಳೇ ಕಥೆ ಯಾಕೆ? ಇಸ್ರೇಲಿನ ಹೈಸ್ಕೂಲುಗಳಲ್ಲಿ ಗಣಿತ, ಇಂಗ್ಲಿಷ್ ಮೇಷ್ಟ್ರಿಗೆ ಮಕ್ಕಳ ಫಲಿತಾಂಶ ನೋಡಿ ಹಣ ಕೊಟ್ಟರು. ವಿಕ್ಟರ್ ಲಾವಿ ಅನ್ನೋ ಅರ್ಥಶಾಸ್ತ್ರಜ್ಞರ ಅಧ್ಯಯನ, 2009ರಲ್ಲಿ ಪ್ರಕಟವಾಗಿದೆ. ಪಾಸಾದವರೂ ಹೆಚ್ಚಿದರು, ಅಂಕವೂ ಏರಿತು. ಇದಕ್ಕೇನಂತೀಯ?

ಅಕ್ಕ: ನಿಜ, ಒಪ್ತೀನಿ. ಆದರೆ ಅಂಕ ಹೇಗೆ ಏರಿತು ಅನ್ನೋದನ್ನೂ ಓದು. ಮೇಷ್ಟ್ರು ಶಾಲೆ ಬಿಟ್ಟ ಮೇಲೂ ಮಕ್ಕಳನ್ನ ಕೂರಿಸಿಕೊಂಡು ಹೇಳಿಕೊಟ್ಟರು, ಅವರವರ ಮಟ್ಟ ನೋಡಿ ಪಾಠದ ರೀತಿ ಬದಲಾಯಿಸಿದರು. ಮಗುವಿಗೆ ಸಿಕ್ಕಿದ್ದು ಆ ಹೊತ್ತು. ಇನ್ನೊಂದು, ಅಲ್ಲಿ ಬಹುಮಾನ ಇತ್ತು, ಕತ್ತರಿ ಇರಲಿಲ್ಲ. ನ್ಯೂಯಾರ್ಕ್ ನಗರದಲ್ಲೂ 2007ರಿಂದ ಮೂರು ವರ್ಷ ಬೋನಸ್ ಕೊಟ್ಟರು. ರೋಲಂಡ್ ಫ್ರೈಯರ್ ಅನ್ನೋ ಅರ್ಥಶಾಸ್ತ್ರಜ್ಞರು ಅಳೆದು ನೋಡಿದರೆ ಮಕ್ಕಳ ಕಲಿಕೆ ಹೆಚ್ಚಿರಲೇ ಇಲ್ಲ.

ನಾನು: ಹಾಗಾದರೆ ಷರತ್ತು ಬೇಡ, ಎಲ್ಲರಿಗೂ ಸಂಬಳ ಜಾಸ್ತಿ ಮಾಡಿದರೆ?

ಅಕ್ಕ: ನಾನೇ ಮೇಷ್ಟ್ರಾಗಿ ಇದನ್ನ ಹೇಳೋದು ಕಷ್ಟ. ಇಂಡೊನೇಷ್ಯಾದಲ್ಲಿ ಪ್ರಮಾಣಪತ್ರ ಪಡೆದ ಶಿಕ್ಷಕರ ಮೂಲ ಸಂಬಳ ಎರಡು ಪಟ್ಟು ಮಾಡಿದರು. 360 ಶಾಲೆಗಳಲ್ಲಿ ಅಳೆದಿದ್ದಾರೆ. ಶಿಕ್ಷಕರಿಗೆ ನೆಮ್ಮದಿ ಬಂತು, ಎರಡನೇ ಕೆಲಸ ಮಾಡೋರು ಕಡಿಮೆಯಾದರು. ಮಕ್ಕಳ ಅಂಕ ಮಾತ್ರ ಏರಲಿಲ್ಲ. ಸಂಬಳ ಬೇಡ ಅಂತಲ್ಲ, ಮೇಷ್ಟ್ರಾದವರೂ ಮನೆ ನಡೆಸಬೇಕು. ಆದರೆ ಸಂಬಳ ಒಂದರಿಂದಲೇ ಪಾಠ ಬದಲಾಗಲ್ಲ.

ಅಣ್ಣ: ಬಹುಮಾನವೂ ಸಾಲದು, ಸಂಬಳವೂ ಸಾಲದು. ಮತ್ತೆ ಇನ್ನೇನು ಬೇಕು ನಿಮಗೆ?

ಚಿಕ್ಕಮ್ಮ: ನಾನು ಕಂಡದ್ದು ಹೇಳ್ತೀನಿ ಕೇಳೋ. ನಮ್ಮ ಶಾಲೆಯ ಲ್ಯಾಬಿನಲ್ಲಿ ಒಬ್ಬ ಅಟೆಂಡರ್ ಇದ್ದ. ಒಂದು ಸಲ ಬೀಕರ್ ಒಡೀತು, ಮಕ್ಕಳ ಎದುರಿಗೇ ಅವನಿಗೆ ಹೆಡ್‌ಮಾಸ್ಟರ್ ಬಾಯಿಗೆ ಬಂದ ಹಾಗೆ ಬೈದರು. ಬೆಲೆಯನ್ನೂ ಅವನ ಸಂಬಳದಲ್ಲಿ ಹಿಡಿದರು. ಮಾರನೇ ದಿನದಿಂದ ಬೀರುವಿನ ಬೀಗ ತೆಗೀಲಿಲ್ಲ. ಯಾರಾದರೂ ಕೇಳಿದರೆ “ಮೇಡಂ, ಸ್ಟಾಕ್ ರಿಜಿಸ್ಟರ್ ನೋಡಿ ಹೇಳ್ತೀನಿ” ಅನ್ನೋನು, ಅಷ್ಟೇ. ವಿಜ್ಞಾನದ ಮೇಷ್ಟ್ರು ಎರಡು ವರ್ಷ ಪ್ರಯೋಗಗಳನ್ನ ಬೋರ್ಡಿನ ಮೇಲೆ ಚಿತ್ರ ಬಿಡಿಸಿಯೇ ಮುಗಿಸಿದರು. ಲಿಟ್ಮಸ್ ಕಾಗದ ಕೆಂಪಾಗೋದನ್ನ ಕಣ್ಣಾರೆ ನೋಡದ ಮಕ್ಕಳು “ಕೆಂಪಾಗುತ್ತದೆ” ಅಂತ ಬರೆದು ಬಂದರು. ಆಮೇಲೆ ಬಂದ ಹೆಡ್‌ಮೇಡಂ ಮಾಡಿದ್ದು ಒಂದೇ. ಅವನ ಪಕ್ಕ ಕೂತು “ಏನೇನು ಬೇಕು ಪಟ್ಟಿ ಮಾಡಪ್ಪ” ಅಂದರು, ಒಡೆದದ್ದಕ್ಕೆ ರಿಜಿಸ್ಟರಿನಲ್ಲೇ ಒಂದು ಕಾಲಂ ಹಾಕಿಸಿದರು. ಅದಾದ ವಾರದಲ್ಲಿ ಬೀರು ತೆರೀತು. ನಿಮ್ಮ ಫಾರ್ವರ್ಡ್‌ನಲ್ಲಿ ಅವನಿಗೆ ಜಾಗವೇ ಇಲ್ಲ.

ದೊಡ್ಡಪ್ಪ: ಅಷ್ಟಕ್ಕೆ ಬೀಗ ಹಾಕಿಕೊಂಡು ಕೂತದ್ದೂ ತಪ್ಪೇ ಅಲ್ಲವೇನಮ್ಮ?

ಚಿಕ್ಕಮ್ಮ: ತಪ್ಪೇ ಭಾವ. ಆದರೆ ಹೆದರಿಸಿದ್ದರಿಂದ ಆದ ಕೆಲಸ ಏನು ಹೇಳಿ?

ಪುಟ್ಟಿ: ನಾನೊಂದು ಹಾಕ್ಲಾ?

ಪುಟ್ಟಿ: (ನೋಟ್‌ಬುಕ್ ಪುಟದ ಫೋಟೋ. ವರ್ಗ ಸಮೀಕರಣದ ಲೆಕ್ಕ, ಮೂರನೇ ಸಾಲಿನ ಮೈನಸ್ ಸುತ್ತ ಕೆಂಪು ವೃತ್ತ. ಪಕ್ಕದಲ್ಲಿ: “ಇಲ್ಲಿವರೆಗೂ ನಿನ್ನ ಯೋಚನೆ ಸರಿ. ಚಿಹ್ನೆ ಇಲ್ಲಿ ಜಾರಿತು. ಇಲ್ಲಿಂದ ಮತ್ತೆ ಮಾಡು, ನಾಳೆ ತೋರಿಸು.”)

ಪುಟ್ಟಿ: ಕಳೆದ ವರ್ಷ ನನ್ನ ಪುಸ್ತಕದ ತುಂಬಾ ಬರೀ ರೈಟ್, ರಾಂಗ್, ತಾರೀಖು. ತಪ್ಪು ಎಲ್ಲಿ ಅಂತಲೇ ಗೊತ್ತಾಗ್ತಿರಲಿಲ್ಲ. ಈ ಸರ್ ನಿಜವಾಗ್ಲೂ ಮಾರನೇ ದಿನ ಕೇಳ್ತಾರೆ ಅಪ್ಪ. ಅದಕ್ಕೇ ಮಾಡಿಕೊಂಡು ಹೋಗ್ತೀನಿ.

ಅಣ್ಣ: ಇದನ್ನ ನನಗೆ ಯಾವತ್ತೂ ತೋರಿಸಿಲ್ಲ ನೀನು.

ಪುಟ್ಟಿ: ನೀವು ಮಾರ್ಕ್ಸ್ ಕಾರ್ಡ್ ಮಾತ್ರ ಕೇಳ್ತೀರ.

ಅಕ್ಕ: ಆ ಮೂರು ಸಾಲು ಬರೆಯೋಕೆ ಒಂದು ಪುಸ್ತಕಕ್ಕೆ ಮೂರು ನಿಮಿಷ ಹಿಡಿಯಿರಿ. 40 ಮಕ್ಕಳಿಗೆ ಎರಡು ಗಂಟೆ. ಒಂದು ತರಗತಿಗೆ, ಒಂದು ಸಲಕ್ಕೆ. ಆ ಎರಡು ಗಂಟೆಯನ್ನೇ ವರದಿ, ಮಾಹಿತಿ ಭರ್ತಿ, ಸಭೆ ಅಂತ ಕಿತ್ತುಕೊಂಡರೆ ಎಷ್ಟೇ ಹುಮ್ಮಸ್ಸಿನ ಮೇಷ್ಟ್ರೂ ರೈಟ್, ರಾಂಗ್‌ಗೆ ಇಳೀತಾರೆ. ನಾನೂ ಇಳಿದಿದ್ದೇನೆ. ಆ ವರ್ಷ ಹಿಂದಿನ ಬೆಂಚಿನ ಇಬ್ಬರು ಹುಡುಗರು ಲೆಕ್ಕ ಮಾಡೋದನ್ನೇ ನಿಲ್ಲಿಸಿದರು. ನಾನು ಅದನ್ನ ಗಮನಿಸಿದ್ದು ಅರ್ಧವಾರ್ಷಿಕ ಪರೀಕ್ಷೆ ಮುಗಿದ ಮೇಲೆ. ಇವತ್ತಿಗೂ ಅದು ನನ್ನ ಮನಸ್ಸಿನಿಂದ ಹೋಗಿಲ್ಲ.

ಅಣ್ಣ: ಕೆಲಸ ಮಾಡದೇ ಇರೋರೂ ಇದ್ದಾರೆ ಅಕ್ಕ. ಅವರನ್ನ ಹಾಗೇ ಬಿಡೋದು ಅಂತಾನಾ?

ಅಕ್ಕ: ಬಿಡಬಾರದು. ಕ್ಲಾಸಿಗೇ ಬರದೋರ ಮೇಲೆ ಕ್ರಮ ತಗೊಳ್ಳಲಿ, ನಾನೇ ಮೊದಲು ಸಹಿ ಹಾಕ್ತೀನಿ. ಆದರೆ ಪಾಸಿನ ಶೇಕಡಾವಾರಿಗೆ ಸಂಬಳ ಕಟ್ಟಿದರೆ ಮೊದಲು ಹೊರಗೆ ಬೀಳೋದು ಯಾರು ಗೊತ್ತಾ? ಒಂಬತ್ತರಲ್ಲಿ ಹಿಂದಿರೋ ಮಗು. “ಇವನನ್ನ ಹತ್ತಕ್ಕೆ ಕಳಿಸಬೇಡಿ” ಅಂತಾರೆ.

ದೊಡ್ಡಪ್ಪ: ಅದು ನನಗೆ ಹೊಳೆದಿರಲಿಲ್ಲ.

ಅಣ್ಣ: ಬೋನಸ್ ಬೇಕು ಅನ್ನೋದನ್ನ ಈಗಲೂ ಹೇಳ್ತೀನಿ. ಕತ್ತರಿ ಮಾತು ವಾಪಸ್ ತಗೊಂಡೆ. ಶನಿವಾರ ಪುಟ್ಟಿ ಶಾಲೆಯಲ್ಲಿ ಪೋಷಕರ ಸಭೆ ಇದೆ. ಏನು ಕೇಳಲಿ?

ಅಕ್ಕ: ಈ ತಿಂಗಳು ಎಷ್ಟು ಪೀರಿಯಡ್ ಬೇರೆ ಕೆಲಸಕ್ಕೆ ಹೋಯ್ತು ಕೇಳು. ಆ ಗಣಿತದ ಸರ್ ಸಿಕ್ಕರೆ ಈ ಪುಟದ ವಿಷಯ ಹೇಳು, ಹೆಡ್‌ಮಾಸ್ಟರ್ ಎದುರಿಗೇ ಹೇಳು.

ಚಿಕ್ಕಮ್ಮ: ಲ್ಯಾಬ್ ಎಷ್ಟು ಸಲ ತೆಗೆದರು ಅಂತಲೂ ಕೇಳು.

ಪುಟ್ಟಿ: ಒಂದು ಸಲ ಚಿಕ್ಕಜ್ಜಿ. ಈ ಇಡೀ ವರ್ಷದಲ್ಲಿ.